ಹೊಸ ಚಿಕಿತ್ಸೆ, ಹೊಸ ಕೋಡ್: ‘ಟಿ’ ಕೋಡ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಆಸ್ಪತ್ರೆಗಳ ಚಾರ್ಟ್‌ಗಳನ್ನು, ಅಂದರೆ ರೋಗಿಗಳ ಚಿಕಿತ್ಸೆಯ ದಾಖಲೆಗಳನ್ನು, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತು ಕೋಡ್ ಮಾಡುವವರಿಗಾಗಿ ಇದನ್ನು ಬರೆದಿದ್ದೇನೆ. ಟ್ರೈನಿಂಗ್‌ನಲ್ಲಿ ಸಿಪಿಟಿಯ, ಅಂದರೆ ವೈದ್ಯರು ಮಾಡುವ ಕೆಲಸಗಳಿಗೆ ಬಿಲ್‌ನಲ್ಲಿ ಹಾಕುವ ಕೋಡ್‌ಗಳ ಪುಸ್ತಕದ, ಸರ್ಜರಿ ವಿಭಾಗವನ್ನು ಅರೆದು ಕುಡಿಸುತ್ತಾರೆ. ಪುಸ್ತಕದ ಹಿಂಭಾಗದಲ್ಲಿರುವ ಟಿ ಕೋಡ್‌ಗಳ ಸರದಿ ಬಂದಾಗ ‘ಇವು ಅಪರೂಪ, ಆಮೇಲೆ ನೋಡೋಣ’ ಅಂದು ಪುಟ ತಿರುಗಿಸುತ್ತಾರೆ. ಆ ‘ಆಮೇಲೆ’ ಬರುವುದು ಆಡಿಟ್ ದಿನ. ಕ್ಯೂಎ ಕೆಲಸಕ್ಕೆ, ಅಂದರೆ ಬೇರೆಯವರ ಕೋಡಿಂಗ್ ಪರಿಶೀಲಿಸಲು, ಕುಳಿತ ಮೇಲೆ ಜೂನಿಯರ್‌ಗಳು ನನ್ನ ಡೆಸ್ಕ್ ಹತ್ತಿರ ಬಂದು ಕೇಳಿದ ಪ್ರಶ್ನೆಗಳೇ ಇಲ್ಲಿವೆ.

ಕೊನೆಯಲ್ಲಿ ಟಿ ಇರುವ ಕೋಡ್ ಅಂದರೆ ಏನು?

ಸಿಪಿಟಿಯ ಒಡೆತನ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ದು, ಅಂದರೆ ಎಎಂಎಯದು. 1966ರಿಂದ ಅದನ್ನು ಹೊರತರುತ್ತಿದೆ. ಐದು ಅಂಕಿಯ ಮಾಮೂಲಿ ಕೋಡ್‌ಗಳು ಕ್ಯಾಟಗರಿ 1. ನಾಲ್ಕು ಅಂಕಿ ಮತ್ತು ಎಫ್ ಇದ್ದರೆ ಕ್ಯಾಟಗರಿ 2. ಅದು ಗುಣಮಟ್ಟ ಅಳೆಯಲು, ಅದರಲ್ಲಿ ಬಿಲ್ ಇಲ್ಲ. ನಾಲ್ಕು ಅಂಕಿ ಮತ್ತು ಟಿ ಇದ್ದರೆ ಕ್ಯಾಟಗರಿ 3, ಈಗಷ್ಟೇ ಕಣ್ಣು ಬಿಡುತ್ತಿರುವ ಚಿಕಿತ್ಸೆಗಳದ್ದು.

ಒಂದು ಚಿಕಿತ್ಸೆ ಕ್ಯಾಟಗರಿ 1ಕ್ಕೆ ಬರಬೇಕಾದರೆ ಅದನ್ನು ದೇಶದ ಉದ್ದಗಲಕ್ಕೂ ಸಾಕಷ್ಟು ವೈದ್ಯರು ಮಾಡುತ್ತಿರಬೇಕು, ಅದು ಫಲ ಕೊಡುತ್ತದೆ ಅನ್ನುವುದಕ್ಕೆ ವೈದ್ಯಕೀಯ ಪತ್ರಿಕೆಗಳಲ್ಲಿ ಪುರಾವೆ ಇರಬೇಕು, ಸಾಧನಕ್ಕೆ ಬೇಕಾದ ಕಡೆ ಅಮೆರಿಕದ ಔಷಧ-ಸಾಧನ ನಿಯಂತ್ರಕ ಎಫ್‌ಡಿಎಯ ಒಪ್ಪಿಗೆ ಇರಬೇಕು. ಆದರೆ ಎಷ್ಟು ವೈದ್ಯರು ಮಾಡುತ್ತಿದ್ದಾರೆ ಎಂದು ಎಣಿಸಲೂ ಒಂದು ಕೋಡ್ ಬೇಕಲ್ಲ? ಕೋಡ್ ಇಲ್ಲದೆ ಎಣಿಕೆ ಇಲ್ಲ, ಎಣಿಕೆ ಇಲ್ಲದೆ ಕೋಡ್ ಇಲ್ಲ. ಈ ಗಂಟು ಬಿಡಿಸಲು ಬಂದದ್ದೇ ಟಿ ಕೋಡ್. ಅದು ಹುಟ್ಟಿದ್ದು ದುಡ್ಡಿಗಾಗಿ ಅಲ್ಲ, ಲೆಕ್ಕಕ್ಕಾಗಿ. ಇದೊಂದು ಮಾತು ತಲೆಯಲ್ಲಿದ್ದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಿಕೊಳ್ಳಬಹುದು.

ಟಿ ಅಂದರೆ ಟೆಂಪರರಿ ಅಂತಾರೆ. ಅಂದರೆ ಎಲ್ಲವೂ ಒಂದು ದಿನ ಪರ್ಮನೆಂಟ್ ಆಗುತ್ತವಾ?

ಇಲ್ಲ. ಸಾಮಾನ್ಯವಾಗಿ ಒಂದು ಟಿ ಕೋಡ್‌ನ ಆಯಸ್ಸು ಐದು ವರ್ಷ. ಪುಸ್ತಕದಲ್ಲಿ ಕೋಡ್‌ನ ಕೆಳಗೇ ‘ಸನ್‌ಸೆಟ್’ ಎಂದು ತಿಂಗಳು, ವರ್ಷ ಅಚ್ಚಾಗಿರುತ್ತದೆ. ಆ ಹೊತ್ತಿಗೆ ಮೂರರಲ್ಲಿ ಒಂದು ಆಗುತ್ತದೆ: ಕ್ಯಾಟಗರಿ 1ಕ್ಕೆ ಬಡ್ತಿ, ಇನ್ನೊಂದು ಅವಧಿಯ ವಿಸ್ತರಣೆ, ಇಲ್ಲವೇ ಪುಸ್ತಕದಿಂದ ಹೊರಗೆ. ಹೊರಗೆ ಹೋದರೆ, ಬೇರೆ ಕೋಡ್ ತೋರಿಸಿಲ್ಲದಿದ್ದರೆ, ಆ ಚಿಕಿತ್ಸೆ ಮತ್ತೆ ಅನ್‌ಲಿಸ್ಟೆಡ್ ಕೋಡ್‌ಗೇ, ಅಂದರೆ ಸ್ವಂತ ಕೋಡ್ ಇಲ್ಲದ ಚಿಕಿತ್ಸೆಗಳಿಗೆ ಹಾಕುವ ಕೋಡ್‌ಗೇ, ವಾಪಸ್.

ಬೇಗ ಬಡ್ತಿ ಪಡೆದದ್ದು ಸ್ಯಾಕ್ರೋಇಲಿಯಾಕ್ ಕೀಲಿನ ಮಿನಿಮಲಿ ಇನ್ವೇಸಿವ್ ಫ್ಯೂಷನ್, ಅಂದರೆ ಬೆನ್ನೆಲುಬಿನ ಬುಡ ಸೊಂಟದ ಮೂಳೆಗೆ ಕೂಡುವ ಕೀಲನ್ನು ಸಣ್ಣ ಗಾಯದಲ್ಲೇ ಬೆಸೆಯುವುದು. 2013ರಲ್ಲಿ 0334ಟಿ ಆಗಿ ಬಂದು 2015ಕ್ಕೇ 27279 ಆಯಿತು. ನಿಧಾನಕ್ಕೆ ಬೇಕಾದರೆ ಎಂಆರ್‌ಐ ನೋಡಿಕೊಂಡು ಅಲ್ಟ್ರಾಸೌಂಡ್ ಅಲೆಗಳಿಂದ ಮೆದುಳಿನೊಳಗಿನ ಒಂದು ಚುಕ್ಕೆಯನ್ನು ಸುಟ್ಟು ಕೈನಡುಕ ನಿಲ್ಲಿಸುವ ಚಿಕಿತ್ಸೆಯನ್ನು ನೋಡಿ. 2016ರಲ್ಲಿ 0398ಟಿ, 2025ರಲ್ಲಿ 61715. ಒಂಬತ್ತು ವರ್ಷ!

ನನಗೆ ಇಷ್ಟದ ಕಥೆ ರೀನಲ್ ಡಿನರ್ವೇಷನ್‌ದು. ಬಿಪಿ ಇಳಿಸಲು ಕಿಡ್ನಿಯ ರಕ್ತನಾಳದ ಸುತ್ತಲಿನ ನರಗಳನ್ನು ಒಳಗಿನಿಂದಲೇ ಸುಡುವ ವಿಧಾನ. ಒಂದು ಕಡೆಗೆ 0338ಟಿ, ಎರಡೂ ಕಡೆಗೆ 0339ಟಿ. ಈ ಕೋಡ್‌ಗಳು ಜಾರಿಗೆ ಬಂದದ್ದು 2014ರಲ್ಲಿ. ಅದೇ ವರ್ಷದ ಜನವರಿಯಲ್ಲಿ ‘ಸಿಂಪ್ಲಿಸಿಟಿ ಎಚ್‌ಟಿಎನ್-3’ ಎಂಬ ದೊಡ್ಡ ಟ್ರಯಲ್ ತನ್ನ ಗುರಿ ಮುಟ್ಟಲಿಲ್ಲ ಎಂಬ ಸುದ್ದಿ ಬಂತು. ಕಥೆ ಮುಗೀತು ಅಂದುಕೊಂಡವರೇ ಹೆಚ್ಚು. ಕೋಡ್ ಮಾತ್ರ ಉಳಿಯಿತು, ಸಂಶೋಧನೆ ಮುಂದುವರಿಯಿತು, 2023ರ ನವೆಂಬರ್‌ನಲ್ಲಿ ಎಫ್‌ಡಿಎ ಎರಡು ಸಾಧನಗಳನ್ನು ಒಪ್ಪಿತು.

ಹೊಸ ಟಿ ಕೋಡ್‌ಗಳು ಯಾವಾಗ ಬರುತ್ತವೆ? ಜನವರಿಯ ಹೊಸ ಪುಸ್ತಕ ಸಾಕಲ್ಲ?

ಸಾಲದು. ಎಎಂಎ ವರ್ಷಕ್ಕೆ ಎರಡು ಸಲ, ಜನವರಿ 1 ಮತ್ತು ಜುಲೈ 1ರಂದು, ತನ್ನ ವೆಬ್‌ಸೈಟ್‌ನಲ್ಲಿ ಟಿ ಕೋಡ್‌ಗಳ ಪಟ್ಟಿ ಹಾಕುತ್ತದೆ. ಹಾಕಿದ ಆರು ತಿಂಗಳಿಗೆ ಅವು ಜಾರಿಗೆ ಬರುತ್ತವೆ. ಜನವರಿಯಲ್ಲಿ ಹಾಕಿದ್ದು ಜುಲೈಗೆ, ಜುಲೈಯಲ್ಲಿ ಹಾಕಿದ್ದು ಮುಂದಿನ ಜನವರಿಗೆ. ನಿಮ್ಮ ಮೇಜಿನ ಮೇಲಿರುವ ಪುಸ್ತಕ ಹಿಂದಿನ ವರ್ಷವೇ ಪ್ರಿಂಟ್ ಆದದ್ದು. ಜುಲೈ 1ರಿಂದ ಜಾರಿಯಾಗುವ ಕೋಡ್ ಅದರಲ್ಲಿ ಇಲ್ಲ. ಎನ್‌ಕೋಡರ್ ಎಂಬ ಕೋಡ್ ಹುಡುಕುವ ಸಾಫ್ಟ್‌ವೇರ್‌ನಲ್ಲಿ ಇರಬಹುದು, ಅದೂ ಅಪ್‌ಡೇಟ್ ಆಗಿದ್ದರೆ. ಜುಲೈ ಮೊದಲ ವಾರ ಪಟ್ಟಿ ತೆಗೆದು ನಿಮ್ಮ ಸ್ಪೆಷಾಲಿಟಿಯ ಸಾಲುಗಳನ್ನು ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳಿ. ಹಳೇ ಕಾಲದ ಅಭ್ಯಾಸ ಅಂತ ಹುಡುಗರು ನಗುತ್ತಾರೆ, ನಗಲಿ.

ಕೋಡ್ ಬದಲಾಗುವ ಹೊತ್ತಿನಲ್ಲಿ ಯಾವುದನ್ನು ಹಾಕಬೇಕು, ಹಳೆಯದೋ ಹೊಸದೋ?

ಚಿಕಿತ್ಸೆ ನಡೆದ ದಿನ ಯಾವುದು ಜಾರಿಯಲ್ಲಿತ್ತೋ ಅದು. ನೀವು ಕೋಡ್ ಮಾಡುವ ದಿನಕ್ಕೂ ಅದಕ್ಕೂ ಸಂಬಂಧವಿಲ್ಲ. ಹಿಂದೆ ಹೊಸ ಕೋಡ್‌ಗೆ ಹೊಂದಿಕೊಳ್ಳಲು ಮೂರು ತಿಂಗಳ ಗ್ರೇಸ್ ಇತ್ತು. 2005ರಿಂದ ಮೆಡಿಕೇರ್, ಅಂದರೆ ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ವಿಮೆ, ಅದನ್ನೂ ತೆಗೆದುಹಾಕಿದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಪೆಟ್ಟು ತಿಂದು. ತಂತಿ ಇಲ್ಲದ, ಹೃದಯದ ಒಳಗೇ ಕೂರುವ ಪೇಸ್‌ಮೇಕರ್‌ಗೆ 2018ರ ಕೊನೆಯವರೆಗೆ 0387ಟಿ ಇತ್ತು. 2019ರ ಜನವರಿ 1ಕ್ಕೆ 33274 ಬಂತು. ಆ ಜನವರಿಯಲ್ಲಿ ಹೊಸ ಪುಸ್ತಕ ಕೈಗೆ ಬಂದ ಹುರುಪಿನಲ್ಲಿದ್ದೆ. ಕ್ರಿಸ್‌ಮಸ್ ವಾರದ ಬಾಕಿ ಚಾರ್ಟ್‌ಗಳು ಒಟ್ಟಿಗೆ ಬಂದವು. ಡಿಸೆಂಬರ್ ತಾರೀಖಿನ ನಾಲ್ಕು ಚಾರ್ಟ್‌ಗಳಿಗೆ ನೀಟಾಗಿ 33274 ಬಡಿದೆ. ನಾಲ್ಕೂ ವಾಪಸ್. ಕ್ಲೈಂಟ್ ಕಾಲ್‌ನಲ್ಲಿ ಯಾರೂ ಬೈಯಲಿಲ್ಲ, ‘ಡೇಟ್ ಆಫ್ ಸರ್ವಿಸ್ ಒಮ್ಮೆ ಓದಿ ಹೇಳ್ತೀರಾ?’ ಎಂದು ಮಾತ್ರ ಕೇಳಿದರು. ನಾಲ್ಕು ಸಲ ಓದಿದೆ. ಈಗ ಚಾರ್ಟ್ ತೆರೆದರೆ ಮೊದಲು ತಾರೀಖು, ಆಮೇಲೆ ರೋಗಿಯ ವಯಸ್ಸು, ಆಮೇಲೆ ಉಳಿದದ್ದು.

ಟಿ ಕೋಡ್ ಹಾಕಿದರೆ ಪೇಯರ್, ಅಂದರೆ ಬಿಲ್ ಕಟ್ಟುವ ವಿಮಾ ಸಂಸ್ಥೆ, ದುಡ್ಡು ಕೊಡಲ್ಲ. ಅದರ ಬದಲು ಅನ್‌ಲಿಸ್ಟೆಡ್ ಹಾಕಬಹುದಾ?

ಹಾಕುವಂತಿಲ್ಲ. ಆ ಚಿಕಿತ್ಸೆಗೆ ಟಿ ಕೋಡ್ ಇದ್ದರೆ ಅದನ್ನೇ ಹಾಕಬೇಕು ಎಂದು ಸಿಪಿಟಿಯೇ ಹೇಳುತ್ತದೆ. ಆಯ್ಕೆಯ ಮಾತೇ ಇಲ್ಲ.

ಹಾಗಾದರೆ ಹತ್ತಿರ ಹತ್ತಿರ ಹೋಲುವ ಕ್ಯಾಟಗರಿ 1 ಕೋಡ್?

ಅದಂತೂ ಇನ್ನೂ ಕೆಟ್ಟದ್ದು. ಮಾಡಿದ ಕೆಲಸವನ್ನು ‘ಸುಮಾರಾಗಿ’ ಹೋಲುವ ಕೋಡ್ ಹಾಕಬೇಡಿ ಎಂಬ ಸೂಚನೆ ಸಿಪಿಟಿಯ ಪೀಠಿಕೆಯಲ್ಲೇ ಇದೆ. ನಾವು ಯಾರೂ ಪೀಠಿಕೆ ಓದುವುದಿಲ್ಲ, ಅದು ಬೇರೆ ಮಾತು. ದುಡ್ಡು ಬರಲಿ ಎಂದು ಹತ್ತಿರದ ಕೋಡ್ ಹಾಕಿದರೆ ಅದು ಸುಳ್ಳು ಕ್ಲೇಮ್ ಆಗುತ್ತದೆ. ಜೊತೆಗೆ ಲೆಕ್ಕವೂ ಹಾಳು. ಆ ಚಿಕಿತ್ಸೆ ನಡೆದೇ ಇಲ್ಲ, ಬೇರೆ ಯಾವುದೋ ನಡೆಯಿತು ಎಂದು ದಾಖಲೆ ಹೇಳುತ್ತದೆ. ಐದು ವರ್ಷ ಕಳೆದು ಎಎಂಎಯ ಸಿಪಿಟಿ ಮಂಡಳಿ ಲೆಕ್ಕ ತೆಗೆದಾಗ ‘ಇದನ್ನು ಯಾರೂ ಮಾಡುತ್ತಲೇ ಇಲ್ಲವಲ್ಲ’ ಅನ್ನಿಸಿದರೆ ಆಶ್ಚರ್ಯವಿಲ್ಲ.

ಟಿ ಕೋಡೂ ಇಲ್ಲ, ಕ್ಯಾಟಗರಿ 1 ಕೋಡೂ ಇಲ್ಲ. ಆಗ?

ಆಗ ಅನ್‌ಲಿಸ್ಟೆಡ್. ಹೃದಯದ ಸರ್ಜರಿಗೆ 33999, ನರಮಂಡಲಕ್ಕೆ 64999, ಹೀಗೆ ಅಂಗಕ್ಕೊಂದು ಇದೆ. ಅನ್‌ಲಿಸ್ಟೆಡ್ ಕೋಡ್ ಒಂದೇ ಹೋದರೆ ಅದು ವಿಳಾಸವಿಲ್ಲದ ಕಾಗದ. ಅದರ ಜೊತೆ ಆಪರೇಷನ್ ನೋಟ್ ಹೋಗಬೇಕು, ಸಿಎಂಎಸ್-1500 ಎಂಬ ಕ್ಲೇಮ್ ಫಾರ್ಮ್‌ನ 19ನೇ ಬಾಕ್ಸ್‌ನಲ್ಲಿ ಏನು ಮಾಡಿದರೆಂದು ಒಂದು ಸಾಲು ಇರಬೇಕು. ಶ್ರಮದಲ್ಲಿ, ಸಮಯದಲ್ಲಿ, ಅಪಾಯದಲ್ಲಿ ಇದಕ್ಕೆ ಸಮನಾದ ಒಂದು ಇರುವ ಕೋಡನ್ನು ಹೋಲಿಕೆಗೆ ತೋರಿಸಬೇಕು. ಆ ಹೋಲಿಕೆಯನ್ನು ನೀವು ಊಹಿಸಬೇಡಿ, ಸರ್ಜನ್ ಕಡೆಯಿಂದ ಬರಲಿ. ಮೂಳೆಗೋ ಕರುಳಿಗೋ ಎಷ್ಟು ಕಷ್ಟಪಟ್ಟರು ಎಂಬುದು ಅವರಿಗೇ ಗೊತ್ತು.

ಟಿ ಕೋಡ್ ಬಂದಿದೆ ಅಂದರೆ ಎಫ್‌ಡಿಎ ಒಪ್ಪಿದೆ ಅಂತಲೇ?

ಅಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಇಲ್ಲಿ ತಪ್ಪಲ್ಲ. ಲಿವರ್ ಗೆಡ್ಡೆಯನ್ನು ಸುಡದೆ, ಧ್ವನಿತರಂಗದಿಂದಲೇ ಒಡೆಯುವ ಹಿಸ್ಟೋಟ್ರಿಪ್ಸಿಗೆ 0686ಟಿ ಬಂದದ್ದು 2022ರಲ್ಲಿ. ಎಫ್‌ಡಿಎ ಆ ಯಂತ್ರಕ್ಕೆ ಹಸಿರು ನಿಶಾನೆ ತೋರಿಸಿದ್ದು 2023ರ ಅಕ್ಟೋಬರ್‌ನಲ್ಲಿ. ನಡುವಿನ ಅವಧಿಯಲ್ಲಿ ಟ್ರಯಲ್‌ನಲ್ಲಿ ನಡೆದದ್ದನ್ನು ಗುರುತಿಸಲು ಕೋಡ್ ಆಗಲೇ ಸಿದ್ಧವಿತ್ತು. ಟಿ ಕೋಡ್ ಕೊಟ್ಟದ್ದಕ್ಕೆ ಎಎಂಎ ಆ ಚಿಕಿತ್ಸೆಯನ್ನು ಮೆಚ್ಚಿದೆ ಎಂದೂ ಅರ್ಥವಲ್ಲ.

ಹಾಗಿದ್ದರೆ ಟಿ ಕೋಡ್ ಅಂದರೆ ‘ಪ್ರಯೋಗ’, ಡಿನೈಯಲ್ ಗ್ಯಾರಂಟಿ?

ಅದೂ ಅಲ್ಲ. ಮೆಡಿಕೇರ್‌ನ ವೈದ್ಯರ ಶುಲ್ಕಪಟ್ಟಿಯಲ್ಲಿ ಬಹುಪಾಲು ಟಿ ಕೋಡ್‌ಗಳಿಗೆ ದೇಶಕ್ಕೆಲ್ಲ ಒಂದೇ ದರ ಇಲ್ಲ. ಸ್ಟೇಟಸ್ ಕಾಲಂನಲ್ಲಿ ‘ಸಿ’ ಅಂತಿರುತ್ತದೆ, ಅಂದರೆ ದರ ನಿಗದಿ ಮಾಡುವುದು ಆಯಾ ಪ್ರದೇಶದ ಮ್ಯಾಕ್, ಮೆಡಿಕೇರ್‌ನ ಗುತ್ತಿಗೆದಾರ ಸಂಸ್ಥೆ. ಒಂದು ಮ್ಯಾಕ್ ಕೊಡಬಹುದು, ಇನ್ನೊಂದು ಕೊಡದಿರಬಹುದು. ಖಾಸಗಿ ಪೇಯರ್‌ಗಳದ್ದು ಒಬ್ಬೊಬ್ಬರದು ಒಂದೊಂದು ಪಾಲಿಸಿ. ಕೋಡ್‌ನ ಕೊನೆಯ ಅಕ್ಷರ ನೋಡಿ ತೀರ್ಮಾನಿಸಬೇಡಿ, ಪಾಲಿಸಿ ತೆರೆದು ನೋಡಿ. ಹಣ ಬರುವುದು ಅನುಮಾನ ಅನ್ನಿಸಿದರೆ ಚಿಕಿತ್ಸೆಗೆ ಮುಂಚೆ ರೋಗಿಯಿಂದ ಎಬಿಎನ್, ಅಂದರೆ ಮೆಡಿಕೇರ್ ಹಣ ಕೊಡದಿರಬಹುದು ಎಂದು ತಿಳಿಸುವ ಪತ್ರ, ಸಹಿ ಆಗಿರಬೇಕು. ಆಗಿದ್ದರೆ ಜಿಎ ಮಾಡಿಫೈಯರ್ (ಕೋಡ್‌ನ ಬಾಲಕ್ಕೆ ಅಂಟಿಸುವ ಎರಡಕ್ಷರದ ಗುರುತು), ಆಗಿಲ್ಲದಿದ್ದರೆ ಜಿಝಡ್. ಬಿಲ್ ಹೋದ ಮೇಲೆ ಎಬಿಎನ್ ಹುಡುಕಿದರೆ ಪ್ರಯೋಜನವಿಲ್ಲ.

ಟಿಎವಿಆರ್ ಚಾರ್ಟ್‌ನಲ್ಲಿ ಅಷ್ಟೊಂದು ಬಾಲ ಯಾಕೆ?

ಎದೆ ತೆರೆಯದೆ, ತೊಡೆಯ ರಕ್ತನಾಳದ ದಾರಿಯಲ್ಲಿ ಹೊಸ ಏಯೋರ್ಟಿಕ್ ಕವಾಟ ಕೂರಿಸುವುದು ಟಿಎವಿಆರ್. ಎಫ್‌ಡಿಎ ಮೊದಲ ಕವಾಟವನ್ನು ಒಪ್ಪಿದ್ದು 2011ರ ನವೆಂಬರ್‌ನಲ್ಲಿ, ಮೆಡಿಕೇರ್ ತನ್ನ ರಾಷ್ಟ್ರೀಯ ನಿರ್ಧಾರ ಪ್ರಕಟಿಸಿದ್ದು 2012ರ ಮೇ ತಿಂಗಳಲ್ಲಿ. ಟಿ ಕೋಡ್ ಆಗಿದ್ದದ್ದು 2013ಕ್ಕೆ 33361ರಿಂದ ಶುರುವಾಗುವ ಸರಣಿಯಾಯಿತು. ಆದರೆ ಮೆಡಿಕೇರ್ ಒಂದು ಷರತ್ತು ಹಾಕಿತು: ಹಣ ಕೊಡುತ್ತೇವೆ, ಪ್ರತಿ ಕೇಸೂ ರಿಜಿಸ್ಟ್ರಿಗೆ, ಅಂದರೆ ಇಂಥ ಕೇಸುಗಳನ್ನೆಲ್ಲ ದಾಖಲಿಸುವ ಕಡತಕ್ಕೆ, ಹೋಗಬೇಕು.

ಆ ಷರತ್ತೇ ಬಾಲವಾಗಿ ಬಂದಿದೆ. ಕ್ಯೂ0 ಮಾಡಿಫೈಯರ್ ಹಾಕಬೇಕು. ಅದರಲ್ಲಿರುವುದು ಸೊನ್ನೆ, ‘ಓ’ ಅಕ್ಷರ ಅಲ್ಲ. ಎರಡನೇ ಡಯಾಗ್ನೋಸಿಸ್ ಆಗಿ, ರೋಗಿ ಸಂಶೋಧನೆಯ ಭಾಗ ಎಂದು ಹೇಳುವ ಝಡ್00.6, ಜೊತೆಗೆ ಟ್ರಯಲ್‌ನ ಎಂಟಂಕಿ ಸಂಖ್ಯೆ. ಟಿವಿಟಿ ಎಂಬ ಈ ರಿಜಿಸ್ಟ್ರಿಗೆ ಅದು 01737528, ನಮ್ಮ ಫ್ಲೋರ್‌ನಲ್ಲಿ ಕೆಲವರಿಗೆ ಅದು ಸ್ವಂತ ಫೋನ್ ನಂಬರಿಗಿಂತ ಚೆನ್ನಾಗಿ ಬಾಯಿಪಾಠ. ಹೃದ್ರೋಗ ತಜ್ಞ ಮತ್ತು ಸರ್ಜನ್ ಇಬ್ಬರೂ ಕೂಡಿ ಮಾಡುವುದರಿಂದ ಇಬ್ಬರ ಕ್ಲೇಮ್‌ನಲ್ಲೂ ಮಾಡಿಫೈಯರ್ 62. ಒಂದು ಬಿಟ್ಟರೂ ಕ್ಲೇಮ್ ಗೋಡೆಗೆಸೆದ ಚೆಂಡು. ಕ್ಯಾಟಗರಿ 1ಕ್ಕೆ ಬಡ್ತಿ ಸಿಕ್ಕಿದೊಡನೆ ಎಲ್ಲ ಸಲೀಸು ಅಂದುಕೊಂಡವರಿಗೆ ಇದನ್ನು ತೋರಿಸುತ್ತೇನೆ.

ಕಾರ್-ಟಿ ಚಿಕಿತ್ಸೆಗೆ ನಾಲ್ಕು ಕೋಡ್ ಯಾಕೆ? ಒಂದೇ ಚಿಕಿತ್ಸೆ ಅಲ್ಲವಾ?

ರೋಗಿಗೆ ಒಂದೇ, ಕೋಡರ್‌ಗೆ ನಾಲ್ಕು. ರಕ್ತದ ಕ್ಯಾನ್ಸರ್ ಇರುವ ರೋಗಿಯದೇ ಟಿ ಜೀವಕೋಶಗಳನ್ನು ತೆಗೆದು, ಲ್ಯಾಬ್‌ನಲ್ಲಿ ಅವುಗಳ ಜೀನ್ ಬದಲಿಸಿ, ಕ್ಯಾನ್ಸರ್ ಗುರುತಿಸುವಂತೆ ಪಳಗಿಸಿ, ಮತ್ತೆ ಅದೇ ರೋಗಿಗೆ ಏರಿಸುತ್ತಾರೆ. ಮೊದಲು ಕೋಶ ತೆಗೆಯುವುದು. ಆಮೇಲೆ ಲ್ಯಾಬ್‌ಗೆ ಕಳಿಸಲು ಸಿದ್ಧಪಡಿಸುವುದು. ತಯಾರಾಗಿ ಬಂದ ಕೋಶಗಳನ್ನು ಸ್ವೀಕರಿಸಿ ಕರಗಿಸಿ ಅಣಿಗೊಳಿಸುವುದು ಮೂರನೆಯದು. ಏರಿಸುವುದು ನಾಲ್ಕನೆಯದು. 2019ರಿಂದ ಇವು ಕ್ರಮವಾಗಿ 0537ಟಿ, 0538ಟಿ, 0539ಟಿ, 0540ಟಿ ಆಗಿದ್ದವು. 2025ರ ಜನವರಿ 1ರಿಂದ 38225, 38226, 38227, 38228.

ಈಗ ತಾರೀಖಿನ ಆಟ ನೋಡಿ. ಕೋಶ ತೆಗೆಯುವುದಕ್ಕೂ ಏರಿಸುವುದಕ್ಕೂ ನಡುವೆ ವಾರಗಟ್ಟಲೆ ಅಂತರ ಇರುತ್ತದೆ. 2024ರ ಡಿಸೆಂಬರ್‌ನಲ್ಲಿ ಕೋಶ ಕೊಟ್ಟು 2025ರ ಜನವರಿಯಲ್ಲಿ ಏರಿಸಿಕೊಂಡ ರೋಗಿಗೆ ಮೊದಲ ಕೋಡ್ 0537ಟಿ, ಕೊನೆಯದು 38228. ಒಂದೇ ರೋಗಿ, ಒಂದೇ ಚಿಕಿತ್ಸೆ, ಎರಡು ವರ್ಷದ ಪುಸ್ತಕ. ಎರಡೂ ಸರಿ. ‘ಒಂದೇ ಸರಣಿಯಲ್ಲಿರಲಿ’ ಎಂದು ತಿದ್ದಿ ಚೊಕ್ಕ ಮಾಡಲು ಹೋದವರದ್ದೇ ತಪ್ಪಾಯಿತು.

ಇನ್ನೊಂದು ಬಲೆ ಇದೆ. ಚೀಲದಿಂದ ಕೋಶಗಳು ರಕ್ತನಾಳಕ್ಕೆ ಇಳಿಯುವುದನ್ನು ನೋಡಿ ಕೆಲವರು 38241 ಹಾಕುತ್ತಾರೆ. ಅದು ರೋಗಿಯದೇ ಕಾಂಡಕೋಶಗಳ ಕಸಿ. ನೋಡಲು ಅಕ್ಕತಂಗಿಯರು, ಮನೆ ಬೇರೆ ಬೇರೆ. ಕೋಶ ತೆಗೆಯುವಾಗಲೂ ಅಷ್ಟೆ, 38206 ಕಾಂಡಕೋಶಗಳಿಗೆ.

ಹಣದ ವಿಷಯಕ್ಕೆ ಬಂದರೆ, ಟಿ ಕೋಡ್ ಇದ್ದ ಕಾಲದಲ್ಲಿ ಮೆಡಿಕೇರ್ ಆಸ್ಪತ್ರೆಯ ಹೊರರೋಗಿ ಬಿಲ್‌ನಲ್ಲಿ ಮೊದಲ ಮೂರು ಹಂತಗಳಿಗೆ ಪ್ರತ್ಯೇಕವಾಗಿ ಕೊಡುತ್ತಿರಲಿಲ್ಲ, ಏರಿಸುವುದಕ್ಕೆ ಮಾತ್ರ ಕೊಡುತ್ತಿತ್ತು. ‘ದುಡ್ಡಿಲ್ಲದ ಕೋಡ್ ಯಾಕೆ ಬರೆಯಬೇಕು’ ಎಂದು ಆಗ ಕೇಳಿದವರು ಬಹಳ ಮಂದಿ. ಈ ಪುಟದ ಮೊದಲ ಉತ್ತರವನ್ನು ಇನ್ನೊಮ್ಮೆ ಓದಿ.

ರೋಗಿ ಅಡ್ಮಿಟ್ ಆಗಿದ್ದರೆ?

ಆಸ್ಪತ್ರೆಯ ಒಳರೋಗಿ ಬಿಲ್‌ಗೆ ಸಿಪಿಟಿ ಇಲ್ಲ, ಐಸಿಡಿ-10-ಪಿಸಿಎಸ್ ಎಂಬ ಬೇರೆ ಕೋಡ್ ಪಟ್ಟಿ. ವೈದ್ಯರ ಸ್ವಂತ ಶುಲ್ಕದ ಕ್ಲೇಮ್ ಮಾತ್ರ ಸಿಪಿಟಿಯಲ್ಲೇ ಹೋಗುತ್ತದೆ. ಪಿಸಿಎಸ್‌ನಲ್ಲಿ ಹೊಸ ತಂತ್ರಜ್ಞಾನಕ್ಕೆಂದೇ 2015ರ ಅಕ್ಟೋಬರ್ 1ರಿಂದ ‘ಎಕ್ಸ್’ ವಿಭಾಗ ಇದೆ. ಅಲ್ಲಿ ಕೋಡ್‌ನ ಏಳನೇ ಅಕ್ಷರ ಅದು ಯಾವ ವರ್ಷದ ಗುಂಪಿಗೆ ಸೇರಿದ್ದು ಎಂದು ಹೇಳುತ್ತದೆ. ಎಕ್ಸ್ ಕೋಡ್ ಸ್ವತಂತ್ರ, ಒಂದೇ ಕೆಲಸಕ್ಕೆ ಬೇರೆ ವಿಭಾಗದಿಂದ ಇನ್ನೊಂದು ಕೋಡ್ ಸೇರಿಸಬೇಡಿ.

ಇಲ್ಲಿ ದುಡ್ಡಿನ ಸಂಬಂಧ ನೇರ. ದುಬಾರಿ ಹೊಸ ಚಿಕಿತ್ಸೆಗಳಿಗೆ ಡಿಆರ್‌ಜಿ (ಕೇಸಿನ ಗುಂಪು ನೋಡಿ ಆಸ್ಪತ್ರೆಗೆ ಇಡಿಯಾಗಿ ಕೊಡುವ ನಿಗದಿತ ಮೊತ್ತ) ಹಣದ ಮೇಲೆ ಎನ್‌ಟಿಎಪಿ ಎಂಬ ಹೆಚ್ಚುವರಿ ಪಾವತಿ ಸಿಗಬಹುದು. ಸಾಮಾನ್ಯವಾಗಿ ಹೊಸ ತಂತ್ರಜ್ಞಾನದ ವೆಚ್ಚದ ಗರಿಷ್ಠ 65 ಶೇಕಡಾವರೆಗೆ. ಎಕ್ಸ್ ಕೋಡ್ ಬಿಟ್ಟುಹೋದರೆ ಆ ಹಣವೂ ಬಿಟ್ಟುಹೋಗುತ್ತದೆ, ಯಾರೂ ಫೋನ್ ಮಾಡಿ ಹೇಳುವುದಿಲ್ಲ. ಕಾರ್-ಟಿಗೆ ಮೊದಲು ಹೀಗೆಯೇ ಎನ್‌ಟಿಎಪಿ ಇತ್ತು; 2020ರ ಅಕ್ಟೋಬರ್‌ನಿಂದ ಅದಕ್ಕೇ ಪ್ರತ್ಯೇಕ ಡಿಆರ್‌ಜಿ 018 ಇದೆ.

ರೋಬೋಟ್ ಸರ್ಜರಿಗೆ ಹೊಸ ಕೋಡ್ ಯಾವುದು?

ಇಲ್ಲ. ರೋಬೋಟ್ ಒಂದು ಉಪಕರಣ, ಚಿಕಿತ್ಸೆ ಹಳೆಯದೇ. ಲ್ಯಾಪರೋಸ್ಕೋಪಿಕ್ ಕೋಡೇ ಹಾಕಿ. ಪ್ರಾಸ್ಟೇಟ್ ಪೂರ್ತಿ ತೆಗೆಯುವ 55866ರ ವಿವರಣೆಯಲ್ಲೇ ರೋಬೋಟ್ ಸಹಾಯ ಸೇರಿದೆ. ರೋಬೋಟ್ ಬಳಕೆಗೆ ಎಸ್2900 ಅಂತ ಒಂದು ಕೋಡ್ ಇದೆ, ಮೆಡಿಕೇರ್ ಅದಕ್ಕೆ ಕೊಡುವುದಿಲ್ಲ. ರೋಬೋಟ್ ಬಳಸಿದ್ದಕ್ಕೆಂದು, ಮಾಮೂಲಿಗಿಂತ ಹೆಚ್ಚು ಶ್ರಮವಾಯಿತು ಎನ್ನುವ ಮಾಡಿಫೈಯರ್ 22 ಹಾಕುವುದೂ ತಪ್ಪು.

ಎಐಗೆ?

ಇಲ್ಲಿ ಎರಡು ದಾರಿ ಕಂಡಿದ್ದೇವೆ. ಸಿಟಿ ಸ್ಕ್ಯಾನ್‌ನಿಂದಲೇ ಹೃದಯದ ರಕ್ತನಾಳದ ಹರಿವು ಲೆಕ್ಕ ಹಾಕುವ ಎಫ್‌ಎಫ್‌ಆರ್-ಸಿಟಿಗೆ 2018ರಲ್ಲಿ 0501ಟಿಯಿಂದ 0504ಟಿವರೆಗೆ ನಾಲ್ಕು ಕೋಡ್: ಒಂದು ಇಡಿಯಾಗಿ, ಮೂರು ತುಂಡುತುಂಡಾಗಿ. 2024ರಲ್ಲಿ ನಾಲ್ಕೂ ಹೋಗಿ 75580 ಒಂದೇ ಉಳಿಯಿತು. ಸಕ್ಕರೆ ಕಾಯಿಲೆಯವರ ರೆಟಿನಾ ಚಿತ್ರವನ್ನು ವೈದ್ಯರ ಕಣ್ಣಿಲ್ಲದೆ ಯಂತ್ರವೇ ಓದುವುದಕ್ಕೆ 2021ರಲ್ಲೇ ಕ್ಯಾಟಗರಿ 1ರಲ್ಲಿ 92229 ಸಿಕ್ಕಿತು. ಯಂತ್ರ ಬರೀ ಗುರುತು ಮಾಡಿ ತೋರಿಸುತ್ತದೋ, ಲೆಕ್ಕ ಹಾಕಿ ಕೊಡುತ್ತದೋ, ತಾನೇ ತೀರ್ಮಾನ ಹೇಳುತ್ತದೋ ಎಂಬ ಮೂರು ಬಗೆಯ ವಿಂಗಡಣೆ ಸಿಪಿಟಿಯ ಅಪೆಂಡಿಕ್ಸ್ ಎಸ್‌ನಲ್ಲಿದೆ. ಎರಡೇ ಪುಟ, ಓದಲು ಹತ್ತು ನಿಮಿಷ ಸಾಕು.

ಸಿಪಿಸಿ ಎಂಬ ಕೋಡರ್ ಸರ್ಟಿಫಿಕೇಟ್ ಪರೀಕ್ಷೆಗೆ ಟಿ ಕೋಡ್ ಓದಬೇಕಾ?

ಬಾಯಿಪಾಠ ಬೇಡ, ಪುಸ್ತಕ ಒಯ್ಯಬಹುದಲ್ಲ. ಆ ವಿಭಾಗಕ್ಕೊಂದು ಟ್ಯಾಬ್ ಅಂಟಿಸಿ, ಇಂಡೆಕ್ಸ್‌ನಿಂದ ಅಲ್ಲಿಗೆ ಹೋಗುವ ದಾರಿ ರೂಢಿಸಿಕೊಳ್ಳಿ. ನಾಲ್ಕು ಗಂಟೆಯಲ್ಲಿ ನೂರು ಪ್ರಶ್ನೆ, ಹುಡುಕಾಟಕ್ಕೆ ಸಮಯವಿಲ್ಲ.

ನಮ್ಮ ದೇಶದಲ್ಲಿ ಇಂಥ ವ್ಯವಸ್ಥೆ ಇದೆಯಾ?

ಟಿ ಕೋಡ್‌ನಂಥದ್ದು ಇಲ್ಲ, ನಮ್ಮ ದಾರಿ ಬೇರೆ. ಆಯುಷ್ಮಾನ್ ಭಾರತ್‌ನಲ್ಲಿ ಚಿಕಿತ್ಸೆಗಳು ಪ್ಯಾಕೇಜ್ ಆಗಿ ಬರುತ್ತವೆ, ಪ್ರತಿ ಪ್ಯಾಕೇಜ್‌ಗೂ ಕೋಡ್ ಮತ್ತು ದರ ಒಟ್ಟಿಗೇ ಅಂಟಿಕೊಂಡಿರುತ್ತವೆ. ಕರ್ನಾಟಕದಲ್ಲಿ ಅದನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಖಾಸಗಿ ವಿಮೆಗೆ 2019ರಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಹನ್ನೆರಡು ಆಧುನಿಕ ಚಿಕಿತ್ಸೆಗಳ ಪಟ್ಟಿ ಕೊಟ್ಟು ಇವನ್ನು ಹೊರಗಿಡಬೇಡಿ ಎಂದಿತು. ರೋಬೋಟ್ ಸರ್ಜರಿ, ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಬಾಯಿಯಿಂದ ತೆಗೆದುಕೊಳ್ಳುವ ಕೀಮೋ ಅದರಲ್ಲಿವೆ. ಕಾರ್-ಟಿ ಅಂತ ಹೆಸರಿಟ್ಟು ಸೇರಿಸಿಲ್ಲ. ಆದರೆ ಚಿಕಿತ್ಸೆ ಬಂದಾಗಿದೆ: ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನಲ್ಲಿ ರೂಪುಗೊಂಡ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು, ಬೆಂಗಳೂರಿನ ಇಮ್ಯುನೀಲ್ 2025ರ ಜನವರಿಯಲ್ಲಿ ಕಾರ್ಟೆಮಿ ಬಿಡುಗಡೆ ಮಾಡಿತು. ಅಮೆರಿಕದ ರೋಗಿಯ ಕಾರ್-ಟಿಯನ್ನು ನಾಲ್ಕು ಕೋಡ್‌ನಲ್ಲಿ ಬಿಡಿಸುವ ನಮ್ಮ ಹುಡುಗಿಯರು ಕ್ಯಾಬ್‌ನಲ್ಲಿ ಮನೆಗೆ ಹೋಗುವಾಗ ನಮ್ಮೂರಲ್ಲೇ ಅದು ನಡೆಯುತ್ತಿದೆ ಎಂದು ತಿಳಿದು ಹುಬ್ಬೇರಿಸುತ್ತಾರೆ.

ನೋಟ್‌ನಲ್ಲಿ ಡಾಕ್ಟರ್ ಬರೀ ಬ್ರ್ಯಾಂಡ್ ಹೆಸರು ಬರೆದಿದ್ದಾರೆ. ಗೂಗಲ್ ಮಾಡಿ ಕೋಡ್ ಹಾಕಲಾ?

ಕಂಪನಿಯ ಬಿಲ್ಲಿಂಗ್ ಗೈಡ್ ಓದಿ, ಸಾಧನ ಏನು ಮಾಡುತ್ತದೆ ಎಂದು ತಿಳಿಯಲು. ಕೋಡ್ ಮಾತ್ರ ನೋಟ್‌ನಿಂದಲೇ ಬರಬೇಕು. ಮೈಕ್ರಾ ಎವಿ ಎಂಬ ತಂತಿಯಿಲ್ಲದ ಪೇಸ್‌ಮೇಕರ್‌ನ ಹೆಸರಿನಲ್ಲಿ ಎವಿ ಕಂಡು ಎರಡು ಕೋಣೆಯದ್ದು ಎಂದುಕೊಳ್ಳುವವರಿದ್ದಾರೆ. ಅದು ಬಲ ವೆಂಟ್ರಿಕಲ್‌ನಲ್ಲಿ ಕೂರುವ ಒಂದೇ ಸಾಧನ, ಮೇಲಿನ ಕೋಣೆಯ ಬಡಿತವನ್ನು ಅಲ್ಲಿಂದಲೇ ಗ್ರಹಿಸುತ್ತದೆ. ಹಾಗಾಗಿ 33274. ಎರಡು ಕೋಣೆಗೆ ಎರಡು ಸಾಧನ ಕೂರಿಸಿದ್ದರೆ 0795ಟಿಯಿಂದ ಶುರುವಾಗುವ ಸರಣಿ ನೋಡಬೇಕು. ಎಷ್ಟು ಸಾಧನ, ಯಾವ ಕೋಣೆ, ಹೊಸದೋ ಬದಲಿಯೋ ಎಂದು ನೋಟ್ ಹೇಳದಿದ್ದರೆ ಕ್ವೆರಿ ಹಾಕಿ, ಅಂದರೆ ಡಾಕ್ಟರನ್ನೇ ಬರೆದು ಕೇಳಿ. ‘ಇದು 33274 ತಾನೇ?’ ಎಂದು ಉತ್ತರವನ್ನು ಬಾಯಿಗೆ ತುರುಕಿ ಕೇಳಬೇಡಿ, ‘ಯಾವ ಕೋಣೆಯಲ್ಲಿ ಎಷ್ಟು ಸಾಧನ ಇರಿಸಲಾಯಿತು ಎಂದು ದಯವಿಟ್ಟು ದಾಖಲಿಸಿ’ ಎಂದು ಕೇಳಿ. ಉತ್ತರ ಬರುವವರೆಗೆ ಚಾರ್ಟ್ ಹೋಲ್ಡ್‌ನಲ್ಲಿರಲಿ. ಪ್ರೊಡಕ್ಷನ್ ಯಾಕೆ ಕಮ್ಮಿ ಎಂದು ಟೀಮ್ ಲೀಡ್ ಕೇಳಿದರೆ ಕ್ವೆರಿ ನಂಬರ್ ತೋರಿಸಿ.